ಏರಿಯಾದಲ್ಲಿ ಮಚ್ಚು ಕೆಳಗಿಡಿಸುವ ಕೆಲಸಕ್ಕೆ ದುಡ್ಡು ತರೋದು ಹೇಗೆ

ಕ್ಯಾಮೆರಾಗೆ ದುಡ್ಡು ಸಿಗುತ್ತದೆ. ಹೊಲಿಗೆ ಮೆಷಿನ್‌ಗೆ ಸಿಗುತ್ತದೆ. ಕಂಪನಿ ಹೆಸರು ಹಾಕಿದ ಟೀ ಶರ್ಟಿಗಂತೂ ಕೇಳೋದೇ ಬೇಡ. ಆದರೆ ರಾತ್ರಿ ಬಾರ್ ಮುಚ್ಚುವ ಹೊತ್ತಿಗೆ ಮೂಲೆಯಲ್ಲಿ ನಿಂತು, ಎರಡು ಗುಂಪಿನ ಹುಡುಗರನ್ನು ಎರಡು ದಾರಿಯಲ್ಲಿ ಮನೆಗೆ ಕಳಿಸುವ ಮನುಷ್ಯ ಇದ್ದಾನಲ್ಲ, ಅವನ ಸಂಬಳಕ್ಕೆ ಮಾತ್ರ ಯಾರೂ ಸುಲಭವಾಗಿ ಕೊಡುವುದಿಲ್ಲ. ಹಲ್ಲೆ, ಕೊಲೆ ಕಡಿಮೆ ಮಾಡುವ ಕೆಲಸದಲ್ಲಿ ನಿಜವಾದ ಖರ್ಚು ಅದೊಂದೇ. ಹಾಗಾಗಿ ಈ ಬರಹ ಪೂರ್ತಿ ಆ ಸಂಬಳ ಹುಟ್ಟಿಸುವುದರ ಬಗ್ಗೆ.

ನಾನು ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡುವ ಕೆಲಸದಲ್ಲಿದ್ದು ನಿವೃತ್ತಳಾದವಳು. ಈಗ ಬೆಂಗಳೂರಿನ ಮಾಗಡಿ ರಸ್ತೆ ಕಡೆಯ ಒಂದು ಸಣ್ಣ ಟ್ರಸ್ಟಿನ ಲೆಕ್ಕ ನೋಡಿಕೊಳ್ಳುತ್ತೇನೆ. ಹುಡುಗರು ನನ್ನನ್ನು ಬ್ಯಾಂಕ್ ಆಂಟಿ ಅನ್ನುತ್ತಾರೆ. ಬೀದಿಗಿಳಿದು ಜಗಳ ಬಿಡಿಸುವುದು ನನ್ನ ಕೆಲಸ ಅಲ್ಲ, ನನಗೆ ಬರುವುದೂ ಇಲ್ಲ. ಅರ್ಜಿ ಯಾವುದು ಪಾಸಾಗುತ್ತದೆ, ಯಾವುದು ವಾಪಸ್ ಬರುತ್ತದೆ ಅನ್ನೋದು ಮಾತ್ರ ಚೆನ್ನಾಗಿ ಗೊತ್ತು.

ಯಾರಿಗೆ, ಎಷ್ಟು

ಮೊದಲು ಯಾರಿಗಾಗಿ ದುಡ್ಡು ಕೇಳುತ್ತಿದ್ದೀರಿ ಅನ್ನೋದು ತೀರ್ಮಾನವಾಗಲಿ. ಇಡೀ ಕಾಲೋನಿಯ ಮಕ್ಕಳಿಗೆ ಅಂತ ಬರೆದರೆ ಅದು ಟ್ಯೂಷನ್ ಸೆಂಟರ್ ಆಗುತ್ತದೆ. ಟ್ಯೂಷನ್ ಒಳ್ಳೆಯದೇ, ಆದರೆ ಅಲ್ಲಿಗೆ ಬರುವ ಹುಡುಗ ಮಚ್ಚು ಹಿಡಿಯುವವನಲ್ಲ. ಯಾವ ಊರಲ್ಲಾದರೂ ಹೆಚ್ಚಿನ ಹಲ್ಲೆಗಳ ಹಿಂದೆ ಇರುವುದು ಕೈಬೆರಳೆಣಿಕೆಯ ಹುಡುಗರು. ಅಮೆರಿಕದ ಬಾಸ್ಟನ್‌ನಲ್ಲಿ ಯುವಕರ ಗುಂಪುಗಳ ಹೊಡೆದಾಟ ನಿಲ್ಲಿಸಲು 1996ರಲ್ಲಿ ಶುರುವಾದ ಆಪರೇಷನ್ ಸೀಸ್‌ಫೈರ್ ಕಾರ್ಯಕ್ರಮ ನಿಂತಿದ್ದೇ ಈ ತಿಳಿವಳಿಕೆಯ ಮೇಲೆ. ಸಾಂಕ್ರಾಮಿಕ ರೋಗಗಳ ಡಾಕ್ಟರ್ ಗ್ಯಾರಿ ಸ್ಲಟ್ಕಿನ್ 2000ದಲ್ಲಿ ಶಿಕಾಗೋದ ವೆಸ್ಟ್ ಗಾರ್ಫೀಲ್ಡ್ ಪಾರ್ಕಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅದೇ ಬೀದಿಯಲ್ಲಿ ಬೆಳೆದು, ಕೇಸು-ಜೈಲು ಎಲ್ಲ ನೋಡಿ ಬಂದವರನ್ನೇ ಸಂಬಳ ಕೊಟ್ಟು ಜಗಳ ತಡೆಯಲು ನಿಲ್ಲಿಸಿದರು.

ಕೊಡುವವರಿಗೆ ತೋರಿಸಲು ಎರಡು ಅಧ್ಯಯನ ಕೈಯಲ್ಲಿಟ್ಟುಕೊಳ್ಳಿ. ಶಿಕಾಗೋದಲ್ಲಿ 2012ರ ಬೇಸಿಗೆಯಲ್ಲಿ ಹೈಸ್ಕೂಲು ಹುಡುಗ ಹುಡುಗಿಯರಿಗೆ 8 ವಾರ ಸಂಬಳದ ಕೆಲಸ ಕೊಟ್ಟರು. ಮುಂದಿನ 16 ತಿಂಗಳಲ್ಲಿ ಹಿಂಸೆಯ ಕೇಸುಗಳಲ್ಲಿ ಅವರ ಬಂಧನ ಶೇ. 43ರಷ್ಟು ಕಡಿಮೆಯಾಯಿತು. ಲೈಬೀರಿಯಾದ ಮನ್ರೋವಿಯಾದಲ್ಲಿ ಕಳ್ಳತನ, ಹೊಡೆದಾಟದಲ್ಲಿದ್ದ 999 ಯುವಕರ ಮೇಲೆ ನಡೆದ ಪ್ರಯೋಗ ಇನ್ನೊಂದು. 8 ವಾರದ ಕೌನ್ಸೆಲಿಂಗ್ ಜೊತೆ 200 ಡಾಲರ್ ಕೈಗೆ ಕೊಟ್ಟ ಗುಂಪಿನಲ್ಲಿ ಅದರ ಫಲ ಹತ್ತು ವರ್ಷದ ನಂತರವೂ ಕಾಣುತ್ತಿತ್ತು. ದುಡ್ಡೊಂದೇ ಕೊಟ್ಟವರಲ್ಲಿ ಹಾಗಾಗಲಿಲ್ಲ. ಒಂದು ಪುಟದಲ್ಲಿ ಇಷ್ಟು ಹೇಳಿ ನಿಲ್ಲಿಸಿ. ಅಮೆರಿಕದ ಕಥೆ ಜಾಸ್ತಿಯಾದರೆ "ಇದೆಲ್ಲ ನಮ್ಮಲ್ಲಿ ನಡೆಯುತ್ತಾ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ.

ಈಗ ಬಜೆಟ್. ಒಂದು ಕಾಲೋನಿ, 20 ಹುಡುಗರು, ಒಂದು ವರ್ಷ ಅಂತ ಇಟ್ಟುಕೊಳ್ಳಿ. ನಾನು ಹಾಕಿಕೊಡುವ ಮಾದರಿ ಹೀಗಿರುತ್ತದೆ. ಬೀದಿಯಲ್ಲಿ ನಿಂತು ಜಗಳ ಬಿಡಿಸುವ ಇಬ್ಬರಿಗೆ ತಿಂಗಳಿಗೆ 22,000ದಂತೆ 5,28,000 ರೂಪಾಯಿ. ವಾರದಲ್ಲಿ ಕೆಲವು ದಿನ ಬರುವ ಕೌನ್ಸೆಲರ್‌ಗೆ ತಿಂಗಳಿಗೆ 15,000, ಅಂದರೆ 1,80,000. ರೂಮ್ ಬಾಡಿಗೆ 1,44,000. ಸಂಜೆ ತಿಂಡಿಗೆ 1,08,000. ಇದನ್ನು ಯಾವತ್ತೂ ಕತ್ತರಿಸಬೇಡಿ, ಹುಡುಗರು ಬರೋದೇ ಪಫ್ಸು ಟೀ ಇದೆ ಅಂತ. 15 ಹುಡುಗರಿಗೆ ಕೆಲಸ ಕಲಿಯುವ ಮೂರು ತಿಂಗಳು 3,000ದಂತೆ 1,35,000. ಪೆಟ್ರೋಲ್, ಫೋನ್, ಡ್ರೈವಿಂಗ್ ಲೈಸೆನ್ಸ್, ಆಧಾರ್ ತಿದ್ದುಪಡಿ ಇಂಥದ್ದಕ್ಕೆ 60,000. ಲೆಕ್ಕ, ಆಡಿಟ್‌ಗೆ 60,000. ಕೊನೆಗೆ ಮೂರು ತಿಂಗಳ ಸಂಬಳದಷ್ಟು ಮೀಸಲು, 1,77,000. ಒಟ್ಟು 13,92,000.

ಒಬ್ಬ ಹುಡುಗನಿಗೆ 70,000 ಹತ್ತಿರ ಬಂತು. ಎದುರಿಗಿರುವವರು ಹುಬ್ಬೇರಿಸುತ್ತಾರೆ. "ಇದೇ ದುಡ್ಡಲ್ಲಿ ಐನೂರು ಮಕ್ಕಳಿಗೆ ಬ್ಯಾಗ್ ಕೊಡಬಹುದಲ್ವಾ?" ಕೊಡಬಹುದು. ಆಗ ನಾನು ಒಂದು ಚೂರಿ ಇರಿತದ ಖರ್ಚು ಬರೆದು ತೋರಿಸುತ್ತೇನೆ. ಐಸಿಯು ಬಿಲ್ಲು, ಆ ಕಡೆಯವರಿಗೆ ತಪ್ಪಿದ ಕೂಲಿ, ಈ ಕಡೆಯವರ ಜಾಮೀನಿನ ವಕೀಲರು, ಒಡವೆ ಅಡವಿಟ್ಟ ಬಡ್ಡಿ. ಬ್ಯಾಗಿನ ಮಾತು ಅಲ್ಲಿಗೆ ನಿಲ್ಲುತ್ತದೆ.

ವಕೀಲರ ಖರ್ಚನ್ನು ಬಜೆಟ್‌ನಲ್ಲಿ ಹಾಕಬೇಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇರುವುದೇ ಅದಕ್ಕೆ. ಪರಿಶಿಷ್ಟರು, ಮಹಿಳೆಯರು, ಮಕ್ಕಳು, ಬಂಧನದಲ್ಲಿರುವವರು, ಇವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ನಮ್ಮ ಹುಡುಗರಲ್ಲಿ ಹೆಚ್ಚಿನವರು ಇದರೊಳಗೇ ಬರುತ್ತಾರೆ.

ಕಾಗದ ಪತ್ರ

ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಒಳ್ಳೆಯ ಆಡಿಟರ್ ಇದ್ದರೆ ಅವರೇ ಮಾಡಿಸುತ್ತಾರೆ. ಟ್ರಸ್ಟ್ ಡೀಡ್, ಪ್ಯಾನ್, ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿಯ 12ಎ, ಕೊಡುವವರಿಗೆ ತೆರಿಗೆ ರಿಯಾಯಿತಿಯ 80ಜಿ, ಆಮೇಲೆ ಸಿಎಸ್ಆರ್ ಹಣಕ್ಕೆ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಕಾನೂನಿನಂತೆ ತೆಗೆದಿಡುವ ದುಡ್ಡಿಗೆ, ಸಿಎಸ್ಆರ್-1 ನೋಂದಣಿ. 2021ರ ಏಪ್ರಿಲ್‌ನಿಂದ ಸಿಎಸ್ಆರ್-1 ಇಲ್ಲದ ಸಂಸ್ಥೆ ಮೂಲಕ ಯಾವ ಕಂಪನಿಯೂ ಸಿಎಸ್ಆರ್ ಹಣ ಖರ್ಚು ಮಾಡುವಂತಿಲ್ಲ. ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ನಂಬರ್‌ಗಳು ಬದಲಾಗಿವೆ, ಆದರೂ ಜನರ ಬಾಯಲ್ಲಿ ಇನ್ನೂ 12ಎ, 80ಜಿನೇ ಇವೆ.

ಸಿಎಸ್ಆರ್ ನಿಯಮದಲ್ಲಿ ಇನ್ನೊಂದು ಕೊಕ್ಕೆ ಇದೆ. ಹೊರಗಿನ ಟ್ರಸ್ಟಿಗೆ ಅಂಥದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು. ನಿಮ್ಮದು ಹೊಸ ಟ್ರಸ್ಟ್ ಆಗಿದ್ದರೆ ಅಲ್ಲೇ ಹತ್ತಿರದ ಹಳೆಯ ಸಂಸ್ಥೆಯೊಂದರ ಅಡಿಯಲ್ಲಿ ಶುರು ಮಾಡಿ. ಒಪ್ಪಂದ ಬರವಣಿಗೆಯಲ್ಲಿರಲಿ, ಸಂಬಳ ಯಾರು ಯಾವ ತಾರೀಖಿಗೆ ಹಾಕುತ್ತಾರೆ ಅನ್ನೋದು ಅದರಲ್ಲೇ ಇರಲಿ.

ಅಮೆರಿಕದಲ್ಲಿರುವ ನೆಂಟರು ಕಳಿಸುತ್ತೇನೆ ಅಂದರೆ ಮೊದಲು ಅವರ ಪಾಸ್‌ಪೋರ್ಟ್ ಯಾವುದು ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ, ಭಾರತ ಮೂಲದ ವಿದೇಶಿಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇಲ್ಲದೆ ಒಂದು ರೂಪಾಯಿ ಮುಟ್ಟುವಂತಿಲ್ಲ. ಸಣ್ಣ ಟ್ರಸ್ಟುಗಳು ಎಫ್‌ಸಿಆರ್‌ಎ ಹಿಂದೆ ಓಡುವುದು ಬೇಡ ಅನ್ನೋದು ನನ್ನ ಅಭಿಪ್ರಾಯ.

ಕಂಪನಿ ಬಾಗಿಲು

ನಿವ್ವಳ ಮೌಲ್ಯ 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ. ಇದರಲ್ಲಿ ಯಾವುದಾದರೊಂದು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಿಎಸ್ಆರ್‌ಗೆ ತೆಗೆದಿಡಬೇಕು. ಎಲ್ಲರೂ ಓಡುವುದು ಔಟರ್ ರಿಂಗ್ ರೋಡಿನ ದೊಡ್ಡ ಐಟಿ ಕಂಪನಿಗಳಿಗೆ. ನಾನು ಕಳಿಸುವುದು ಸಣ್ಣಪುಟ್ಟ ಫ್ಯಾಕ್ಟರಿಗಳಿರುವ ಪೀಣ್ಯಕ್ಕೆ.

ಲೆಕ್ಕ ನೋಡಿ. ಸರಾಸರಿ 6 ಕೋಟಿ ಲಾಭದ ಒಂದು ಫ್ಯಾಕ್ಟರಿ 12 ಲಕ್ಷ ಕೊಡಬೇಕು. ನಮ್ಮ ಬಜೆಟ್ ಹೆಚ್ಚುಕಡಿಮೆ ಅಷ್ಟೇ ಅಲ್ವಾ? ಸಿಎಸ್ಆರ್ ಹಣ 50 ಲಕ್ಷ ಮೀರದ ಕಂಪನಿಗೆ ಸಿಎಸ್ಆರ್ ಸಮಿತಿಯೇ ಬೇಕಿಲ್ಲ, ನಿರ್ದೇಶಕರ ಮಂಡಳಿಯೇ ತೀರ್ಮಾನ ಮಾಡಬಹುದು. ಅಂದರೆ ಮಾಲೀಕರು, ಅವರ ಮಗ, ಇನ್ನೊಬ್ಬರು. ಅವರ ಕೆಲಸಗಾರರು ಇರುವುದು ನಮ್ಮಂಥ ಕಾಲೋನಿಗಳಲ್ಲೇ. ರಾತ್ರಿ ಪಾಳಿ ಮುಗಿಸಿ ಬರುವ ಆಪರೇಟರ್‌ನ ಮೊಬೈಲ್ ಕಿತ್ತುಕೊಂಡ ಕಥೆ ಅವರಿಗೆ ನಾವು ಹೇಳುವ ಮೊದಲೇ ಗೊತ್ತಿರುತ್ತದೆ.

ಅರ್ಜಿಯಲ್ಲಿ "ಅಪರಾಧ ತಡೆ" ಅಂತ ದೊಡ್ಡದಾಗಿ ಬರೆದರೆ ಕೆಲಸ ಕೆಡುತ್ತದೆ. ಸಿಎಸ್ಆರ್ ಹಣ ಯಾವುದಕ್ಕೆ ಹೋಗಬಹುದು ಅನ್ನುವ ಪಟ್ಟಿ ಇರುವ ಕಂಪನಿ ಕಾಯ್ದೆಯ ಏಳನೇ ಷೆಡ್ಯೂಲ್‌ನಲ್ಲಿ ಆ ಹೆಸರಿನ ಬಾಬ್ತೇ ಇಲ್ಲ. ಶಿಕ್ಷಣ ಮತ್ತು ಉದ್ಯೋಗ ಕೌಶಲ ಇದೆ, ಆರೋಗ್ಯ ಇದೆ, ಕೊಳೆಗೇರಿ ಅಭಿವೃದ್ಧಿ ಇದೆ, ಕ್ರೀಡಾ ತರಬೇತಿ ಇದೆ. ಲೈಸೆನ್ಸು, ಐಟಿಐ, ಡೆಲಿವರಿ ಕೆಲಸದ ತರಬೇತಿ ಮೊದಲನೆಯದರಲ್ಲಿ ಹೋಗುತ್ತದೆ. ಕೌನ್ಸೆಲಿಂಗ್ ಆರೋಗ್ಯದಲ್ಲಿ. ಕಬಡ್ಡಿ ಕ್ರೀಡೆಯಲ್ಲಿ. ಸುಳ್ಳು ಹೇಳಿ ಅಂತ ಅಲ್ಲ. ಮಾಡುವ ಕೆಲಸವನ್ನು ಕೊಡುವವರ ರಿಜಿಸ್ಟರ್‌ನಲ್ಲಿರುವ ಕಾಲಂಗೆ ಕೂರಿಸಬೇಕು. ಉದ್ದೇಶ ಏನು ಅನ್ನೋದನ್ನು ಎದುರು ಕೂತಾಗ ನೇರವಾಗಿಯೇ ಹೇಳಿ.

ಸಂಬಳದ ವಿಷಯಕ್ಕೆ ಬಂದಾಗ ನಡೆಯುವ ಮಾತು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ.

"ಮೇಡಂ, ಸಂಬಳ ಅಂದ್ರೆ ನಮ್ಮ ಆಡಿಟರ್ ಒಪ್ಪಲ್ಲ. ಬೇರೆ ಏನಾದ್ರೂ ಕೇಳಿ. ಕಬಡ್ಡಿ ಮ್ಯಾಟ್ ಕೊಡಿಸೋಣ."

"ಮ್ಯಾಟ್ ರಾತ್ರಿ ಎದ್ದು ಹೋಗಿ ಜಗಳ ಬಿಡಿಸಲ್ಲ ಸರ್."

"ಆದ್ರೂ ಐದು ಪರ್ಸೆಂಟ್ ರೂಲ್ ಇದೆಯಲ್ಲ?"

ಇಲ್ಲೇ ನಿಲ್ಲಿ. ಆ ಶೇ. 5ರ ಮಿತಿ ಇರುವುದು ಕಂಪನಿ ತನ್ನ ಸಿಎಸ್ಆರ್ ವಿಭಾಗ ನಡೆಸಲು ಮಾಡುವ ಆಡಳಿತ ಖರ್ಚಿಗೆ. ಯೋಜನೆ ಜಾರಿಗೆ ನೇರವಾಗಿ ಮಾಡುವ ಖರ್ಚು ಆಡಳಿತ ಖರ್ಚಿನ ಲೆಕ್ಕಕ್ಕೆ ಬರುವುದಿಲ್ಲ ಅಂತ 2021ರಲ್ಲಿ ತಿದ್ದಿದ ನಿಯಮದಲ್ಲೇ ಬರೆದಿದೆ. ಬೀದಿಯಲ್ಲಿ ನಿಲ್ಲುವವನ ಸಂಬಳ ಯೋಜನೆಯೇ ಹೊರತು ಆಡಳಿತ ಅಲ್ಲ. ನಿಯಮದ ಆ ಪುಟವನ್ನು ಪ್ರಿಂಟ್ ತೆಗೆದು, ಸಾಲಿಗೆ ಹಳದಿ ಮಾರ್ಕರ್ ಹಾಕಿ ಫೈಲಿನಲ್ಲಿ ಇಟ್ಟುಕೊಳ್ಳಿ. ವಾದ ಮಾಡಬೇಡಿ, "ನಿಮ್ಮ ಆಡಿಟರ್‌ಗೆ ತೋರಿಸಿ ಸರ್" ಅಂತ ಕೊಟ್ಟು ಬನ್ನಿ. ಬಜೆಟ್‌ನಲ್ಲಿ "ಸಿಬ್ಬಂದಿ ವೆಚ್ಚ" ಅಂತ ಒಂದೇ ಸಾಲು ಹಾಕುವ ಬದಲು "ರಾತ್ರಿ ಸುತ್ತು ಮತ್ತು ಜಗಳ ಬಿಡಿಸುವ ಕೆಲಸ, ಇಬ್ಬರು, 12 ತಿಂಗಳು" ಅಂತ ಬರೆಯಿರಿ. ಓದುವವರ ಕಣ್ಣಿಗೆ ಆಗ ಕೆಲಸ ಕಾಣುತ್ತದೆ.

ಸಮಯವೂ ಮುಖ್ಯ. ಸಂಬಳ ಕೇಳುವುದಿದ್ದರೆ ಜನವರಿ, ಫೆಬ್ರವರಿಯಲ್ಲಿ ಹೋಗಿ, ಮುಂದಿನ ವರ್ಷದ ಪ್ಲಾನ್ ಆಗ ತಯಾರಾಗುತ್ತಿರುತ್ತದೆ. ಮಾರ್ಚ್ ಮೂರನೇ ವಾರ ಬರುವ ಫೋನ್ ಬೇರೆ. ಉಳಿದ ದುಡ್ಡು ಈ ತಿಂಗಳೇ ಖರ್ಚಾಗಬೇಕು ಅನ್ನುವ ಅವಸರ ಅವರಿಗೆ. ಆಗ ಮ್ಯಾಟು, ಕಂಪ್ಯೂಟರ್, ನೀರಿನ ಫಿಲ್ಟರ್ ಕೇಳಿ ತಗೊಳ್ಳಿ. ಸಾಧ್ಯವಾದರೆ ಯೋಜನೆಯನ್ನು "ಆನ್‌ಗೋಯಿಂಗ್ ಪ್ರಾಜೆಕ್ಟ್" ಅಂತ ಬರೆಸಿಕೊಳ್ಳಿ. ಶುರುವಾದ ವರ್ಷ ಬಿಟ್ಟು ಮುಂದಿನ ಮೂರು ವರ್ಷದವರೆಗೆ ಅದು ನಡೆಯಬಹುದು, ಪ್ರತಿ ಏಪ್ರಿಲ್‌ನಲ್ಲಿ ಭಿಕ್ಷೆ ತಪ್ಪುತ್ತದೆ.

ಇನ್ನೊಂದು ಮುಜುಗರದ ಪ್ರಶ್ನೆ ಬರುತ್ತದೆ. ಬೀದಿ ಕೆಲಸಕ್ಕೆ ಸರಿಯಾದವನ ಮೇಲೆ ಹಳೇ ಕೇಸು ಇರುತ್ತದೆ, ಕೆಲವರ ಮೇಲೆ ರೌಡಿ ಶೀಟೂ ಇರುತ್ತದೆ. ಕಂಪನಿಯವರು ಪೊಲೀಸ್ ವೆರಿಫಿಕೇಷನ್ ಕೇಳುತ್ತಾರೆ. ಮುಚ್ಚಿಡಬೇಡಿ, ಮೊದಲ ಭೇಟಿಯಲ್ಲೇ ಹೇಳಿ. ಟ್ರಸ್ಟಿನ ಠರಾವು ಇರಲಿ: ಈಗ ನಡೆಯುತ್ತಿರುವ ಹಲ್ಲೆ ಕೇಸು ಇರಬಾರದು, ನಗದು ಮುಟ್ಟುವಂತಿಲ್ಲ, ಚಿಕ್ಕ ಮಕ್ಕಳ ಜೊತೆ ಒಬ್ಬನೇ ಇರುವಂತಿಲ್ಲ. ನಿಯಮ ಬರೆದು ತೋರಿಸಿದಾಗ ಒಪ್ಪುವವರು ಒಪ್ಪುತ್ತಾರೆ. ಒಪ್ಪದವರ ದುಡ್ಡಿನಲ್ಲಿ ಈ ಕೆಲಸ ಆಗುವುದಿಲ್ಲ. ಆ ಇಬ್ಬರಿಗೆ ವಿಮೆಯನ್ನೂ ಮಾಡಿಸಿ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, 2 ಲಕ್ಷದ ಅಪಘಾತ ವಿಮೆ. ಅದು ಸಾಲದು, ಮೇಲೊಂದು ಗ್ರೂಪ್ ಪಾಲಿಸಿ ಬೇಕು.

ಸರ್ಕಾರದ ದುಡ್ಡು

ಮಹಿಳೆಯರ ಸುರಕ್ಷತೆಗೆ ಇರುವ ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಗೆ ಆಯ್ಕೆಯಾದ 8 ನಗರಗಳಲ್ಲಿ ಬೆಂಗಳೂರೂ ಒಂದು. 667 ಕೋಟಿ ರೂಪಾಯಿಯ ಯೋಜನೆ, ಅದರ ದೊಡ್ಡ ಪಾಲು ಸಾವಿರಾರು ಕ್ಯಾಮೆರಾ ಮತ್ತು ಕಂಟ್ರೋಲ್ ರೂಮಿಗೆ. ಕ್ಯಾಮೆರಾ ಬೇಡ ಅನ್ನುತ್ತಿಲ್ಲ. ಇರಿದ ಮೇಲೆ ಇರಿದವನು ಯಾರು ಅಂತ ಅದು ಹೇಳುತ್ತದೆ, ಅಷ್ಟೇ. ಇಂಥ ಯೋಜನೆಯಿಂದ ನಮ್ಮಂಥವರ ಸಂಬಳಕ್ಕೆ ದುಡ್ಡು ಬರುತ್ತದೆ ಅಂತ ಕಾಯಬೇಡಿ.

ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ಎರಡೂ ಕಟ್ಟಡ, ಸಾಮಾನಿನಂಥ ಆಸ್ತಿಗೆ. ಸಂಬಳಕ್ಕೆ ಕೇಳಬೇಡಿ, ಜಾಗ ಕೇಳಿ. ಪಾಳು ಬಿದ್ದ ಸಮುದಾಯ ಭವನ ರಿಪೇರಿ, ಗರಡಿ ಮನೆ, ಮೈದಾನಕ್ಕೆ ಲೈಟು. ಜಾಗ ಸಿಕ್ಕರೆ ಬಜೆಟ್‌ನಲ್ಲಿ ಬಾಡಿಗೆಯ 1,44,000 ಉಳಿಯುತ್ತದೆ, ಅದು ಅರ್ಧ ಆಳಿನ ಸಂಬಳಕ್ಕಿಂತ ಜಾಸ್ತಿಯೇ.

ಪಾಲಿಕೆಯಲ್ಲಿ ಕೇಳಬೇಕಾದ್ದು ಶೇ. 24.10ರ ದುಡ್ಡು. ಪರಿಶಿಷ್ಟರಿಗೆ ಮೀಸಲಾದ ಈ ಪಾಲು, ಇತರ ಬಡವರ ಶೇ. 7.25ರ ಪಾಲು, ಎರಡನ್ನೂ ಕಚೇರಿಗಳಲ್ಲಿ ಬರೀ ನಂಬರಿನಿಂದಲೇ ಕರೆಯುತ್ತಾರೆ. "24.10ರಲ್ಲಿ ಈ ವರ್ಷ ತರಬೇತಿಗೆ ಏನಿದೆ ಸರ್?" ಅಂತ ಕೇಳಿ ನೋಡಿ, ಕೂತ ಗುಮಾಸ್ತರು ತಲೆ ಎತ್ತುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದ ಮೇಲೆ ನಿಮ್ಮ ಫೈಲು ಯಾವ ಕಚೇರಿಗೆ ಸೇರುತ್ತದೆ ಅನ್ನೋದನ್ನು ಮೊದಲು ಖಚಿತ ಮಾಡಿಕೊಳ್ಳಿ. ಯುವನಿಧಿ ನಮ್ಮ ಹುಡುಗರಿಗೆ ದಕ್ಕುವುದಿಲ್ಲ, ಅದು ಡಿಗ್ರಿ, ಡಿಪ್ಲೊಮಾ ಮಾಡಿದವರಿಗೆ. ಇವರು ಎಸ್ಸೆಸ್ಸೆಲ್ಸಿಯಲ್ಲೇ ಬಿಟ್ಟವರು.

ಒಂದೇ ಕಡೆಯ ದುಡ್ಡನ್ನು ನಂಬಬಾರದು ಅನ್ನೋದಕ್ಕೆ ಅಮೆರಿಕವೇ ಸಾಕ್ಷಿ. ಅಲ್ಲಿ 2025ರ ಏಪ್ರಿಲ್‌ನಲ್ಲಿ ಕೇಂದ್ರದ ನ್ಯಾಯ ಇಲಾಖೆ ನೂರಾರು ಅನುದಾನಗಳನ್ನು ನಡುವಲ್ಲೇ ರದ್ದು ಮಾಡಿತು. ಬೀದಿ ಹಿಂಸೆ ತಡೆಯುವ ಸಂಸ್ಥೆಗಳು ರಾತ್ರೋರಾತ್ರಿ ಆಳು ಬಿಡಬೇಕಾಯಿತು. ಅದೇ ದೇಶದ ಓಕ್‌ಲ್ಯಾಂಡ್ ನಗರದಲ್ಲಿ 2004ರಲ್ಲಿ ಜನರೇ ಮತ ಹಾಕಿ ಆಸ್ತಿ ಮೇಲೆ ಮತ್ತು ಪಾರ್ಕಿಂಗ್ ಮೇಲೆ ಇದಕ್ಕಾಗಿ ತೆರಿಗೆ ಹಾಕಿಕೊಂಡರು. 2014ರಲ್ಲಿ, 2024ರಲ್ಲಿ ಮತ್ತೆ ಒಪ್ಪಿದರು. ನಮ್ಮ ಪಾಲಿಕೆಗಳಲ್ಲಿ ಅಂಥದ್ದು ಬರಲಿ ಅಂತ ನನಗೂ ಆಸೆ ಇದೆ. ಬರುವವರೆಗೆ ಕನಿಷ್ಠ ಮೂರು ಮೂಲ ಇಟ್ಟುಕೊಳ್ಳಿ, ಯಾವುದೂ ಒಟ್ಟು ಬಜೆಟ್‌ನ ಅರ್ಧ ಮೀರದಿರಲಿ.

ಯಾರ ದುಡ್ಡು ಬೇಡ

ಏರಿಯಾದ ಅಂಗಡಿಯವರ ಹತ್ತಿರ ತಿಂಗಳಿಗೆ 200, 500 ಎತ್ತುವುದು ಒಳ್ಳೆಯದು. ಮೊತ್ತ ಸಣ್ಣದು, ಆದರೆ ಕೊಟ್ಟವರು ಸುದ್ದಿ ಹೇಳುತ್ತಾರೆ. ಸೈಲೆನ್ಸರ್ ಕಿತ್ತ ಬೈಕುಗಳು ಎರಡು ದಿನದಿಂದ ಸುತ್ತುತ್ತಿವೆ ಅನ್ನೋದು ಮೊದಲು ಗೊತ್ತಾಗುವುದೇ ಬೇಕರಿಯವರಿಗೆ. ಯುಪಿಐನಲ್ಲಿ ತಗೊಳ್ಳಿ, ರಸೀದಿ ಕೊಡಿ. ನಗದು 2,000 ದಾಟಿದರೆ 80ಜಿ ರಿಯಾಯಿತಿ ಇಲ್ಲ. ಸಂಬಳದಾರರಲ್ಲಿ ಹೆಚ್ಚಿನವರು ಹೊಸ ತೆರಿಗೆ ಪದ್ಧತಿಗೆ ಹೋಗಿದ್ದಾರೆ, ಅಲ್ಲಿ 80ಜಿಯೇ ಇಲ್ಲ. ಹಾಗಾಗಿ ತೆರಿಗೆ ಉಳಿಯುತ್ತದೆ ಅನ್ನುವ ಮಾತಿನಿಂದ ಶುರು ಮಾಡಬೇಡಿ.

ಚಂದಾ ಎತ್ತಲು ಹುಡುಗರನ್ನು ಮಾತ್ರ ಕಳಿಸಬೇಡಿ. ನಾಲ್ಕು ಹುಡುಗರು ಅಂಗಡಿ ಮುಂದೆ ನಿಂತು ದುಡ್ಡು ಕೇಳಿದರೆ ಅದು ಮಾಮೂಲು, ಏನೇ ರಸೀದಿ ಕೊಡಿ. ನಾನು ಮತ್ತು ಇನ್ನೊಬ್ಬ ಹೆಂಗಸು ಹೋಗುತ್ತೇವೆ.

ಬೇಡ ಅನ್ನಬೇಕಾದ ದುಡ್ಡು ಮೂರು ಬಗೆ. ಮೀಟರ್ ಬಡ್ಡಿಯವರದ್ದು, ಏಕೆಂದರೆ ಅರ್ಧ ಜಗಳ ಹುಟ್ಟುವುದೇ ಅಲ್ಲಿ. ಮುಂದಿನ ಚುನಾವಣೆಗೆ ನಿಲ್ಲಬೇಕು ಅಂತಿರುವ ಲೀಡರ್‌ದು. ಅವರ ಫೋಟೋ ಬ್ಯಾನರ್ ಮೇಲೆ ಬಂದ ದಿನ ಎದುರು ಗುಂಪಿನ ಹುಡುಗರು ರೂಮಿಗೆ ಕಾಲಿಡುವುದಿಲ್ಲ. ಮೂರನೆಯದು ಪೊಲೀಸ್ ಠಾಣೆ ಮೂಲಕ ಬರುವ ದೇಣಿಗೆ. ಠಾಣೆ ಜೊತೆ ಸಂಬಂಧ ಚೆನ್ನಾಗಿರಲಿ, ಜನಸಂಪರ್ಕ ಸಭೆಗೆ ಹೋಗಿ, ನಮ್ಮ ಕೆಲಸ ಏನು ಅಂತ ಇನ್‌ಸ್ಪೆಕ್ಟರ್‌ಗೆ ಬರೆದು ಕೊಡಿ. ದುಡ್ಡು ಮಾತ್ರ ಬೇಡ. ಬೀದಿಯಲ್ಲಿ ನಿಲ್ಲುವವನಿಗೆ "ಇನ್‌ಫಾರ್ಮರ್" ಅನ್ನುವ ಹೆಸರು ಒಮ್ಮೆ ಬಂದರೆ ಅವನ ಕೆಲಸ ಮುಗಿಯಿತು, ಕೆಲವೊಮ್ಮೆ ಜೀವಕ್ಕೂ ಅಪಾಯ.

ವರದಿಯಲ್ಲಿ ಏನು ಬರೆಯೋದು

ಕೊಲೆ ಇಷ್ಟು ಕಡಿಮೆ ಮಾಡುತ್ತೇವೆ ಅಂತ ಯಾವತ್ತೂ ಮಾತು ಕೊಡಬೇಡಿ. ಒಂದು ಕಾಲೋನಿಯಲ್ಲಿ ಕೊಲೆಯ ಸಂಖ್ಯೆ ಸಣ್ಣದು, ಒಂದು ವರ್ಷ ಸೊನ್ನೆ, ಇನ್ನೊಂದು ವರ್ಷ ಎರಡು. ಆ ಏರಿಳಿತಕ್ಕೆ ನೀವು ಹೊಣೆಯೂ ಅಲ್ಲ, ಕಾರಣವೂ ಅಲ್ಲ. ಎಣಿಸಬಹುದಾದ್ದು ಬೇರೆ ಇದೆ: ಎಷ್ಟು ಹುಡುಗರು ಕೆಲಸದಲ್ಲಿ ಮೂರು ತಿಂಗಳು ಉಳಿದರು, ಎಷ್ಟು ಜಗಳ ಮಾತಿನಲ್ಲಿ ಮುಗಿಯಿತು, ಯಾರ ಮೇಲೂ ಹೊಸ ಕೇಸು ಬೀಳದ ತಿಂಗಳು ಎಷ್ಟು.

ಜಗಳದ ಲೆಕ್ಕಕ್ಕೆ ಆ್ಯಪ್ ಬೇಡ. ನಮ್ಮಲ್ಲಿ ನೂರು ಪುಟದ ಗೆರೆ ನೋಟ್‌ಬುಕ್ ಇದೆ. ಬೀದಿಯಲ್ಲಿ ನಿಲ್ಲುವ ನಮ್ಮ ಬೀದಿ ಅಣ್ಣ ತನ್ನ ಕೈಬರಹದಲ್ಲಿ ಬರೆಯುತ್ತಾನೆ: "ಶನಿವಾರ ರಾತ್ರಿ. ಇಬ್ಬರು. ವಾಟ್ಸಾಪ್ ಸ್ಟೇಟಸ್ ವಿಷಯ. ಒಬ್ಬನನ್ನ ನೆಲಮಂಗಲ ಅಜ್ಜಿ ಮನೆಗೆ ಕಳಿಸಿದೆ. ಅವ್ರ ಅಮ್ಮಂಗೆ ಹೇಳಿದೀನಿ. ಮಂಗಳವಾರ ಮತ್ತೆ ನೋಡ್ಬೇಕು." ಇಂಥ ಒಂದು ಸಾಲನ್ನು ಊರ ಹೆಸರು ತೆಗೆದು ವರದಿಯಲ್ಲಿ ಹಾಕಿದರೆ ಹತ್ತು ಪುಟದ ಚಾರ್ಟ್ ಮಾಡದ ಕೆಲಸ ಮಾಡುತ್ತದೆ. ಹುಡುಗರ ಹೆಸರು, ಫೋಟೋ ಮಾತ್ರ ಬೇಡವೇ ಬೇಡ. 18 ತುಂಬದವನ ಮೇಲೆ ಕೇಸಿದ್ದರೆ ಅವನ ಗುರುತು ಹೊರಗೆ ಹಾಕುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಕಂಪನಿಯವರು ಫೋಟೋ ಕೇಳಿದಾಗ ಕಬಡ್ಡಿ ಆಡುವ ಕಾಲುಗಳ ಫೋಟೋ ಕಳಿಸಿ.

ಮೂರು ತಿಂಗಳ ಮೀಸಲು

ಬಜೆಟ್‌ನ ಕೊನೆಯ ಸಾಲನ್ನು ಎಲ್ಲರೂ ಮೊದಲು ಹೊಡೆದು ಹಾಕುತ್ತಾರೆ. ಕಂಪನಿ ಒಪ್ಪದಿದ್ದರೆ ಅಂಗಡಿ ಚಂದಾದಿಂದ ಕಟ್ಟಿಕೊಳ್ಳಿ. ಟ್ರಸ್ಟಿನ ವರ್ಷದ ಆದಾಯದಲ್ಲಿ ಶೇ. 85 ಖರ್ಚಾಗಬೇಕು, ಶೇ. 15ನ್ನು ಯಾವ ಅರ್ಜಿಯೂ ಇಲ್ಲದೆ ಉಳಿಸಿಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಕೂಡಿಡಬೇಕಾದರೆ ಯಾವುದಕ್ಕೆ ಅಂತ ಹೇಳಿ ಫಾರಂ ಹಾಕಬೇಕು, ಆಡಿಟರ್‌ಗೆ ಮಾರ್ಚ್‌ಗಿಂತ ಮೊದಲೇ ತಿಳಿಸಿ. ಉಳಿದದ್ದನ್ನು ಎಫ್‌ಡಿ ಮಾಡಿ, ಇಬ್ಬರ ಸಹಿ ಇಲ್ಲದೆ ಒಡೆಯುವ ಹಾಗಿರಬಾರದು.

ಕಂತು ಬರುವುದು ತಡವಾಗುತ್ತದೆ, ಇದು ಖಂಡಿತ. ಸಂಬಳ ನಿಂತ ತಿಂಗಳೇ ಬೀದಿ ಅಣ್ಣನಿಗೆ ಬೇರೆ ಕಡೆಯಿಂದ ಫೋನ್ ಬರುತ್ತದೆ, ಎಷ್ಟು ಬೇಕು ಹೇಳು ಅಂತ. ಹಾಗಾಗಿ ಅವನ ಸಂಬಳ ಒಂದನೇ ತಾರೀಖು ಹೋಗಬೇಕು. ಕೌನ್ಸೆಲರ್‌ದು ಐದಕ್ಕೆ, ಬಾಡಿಗೆ ಹತ್ತಕ್ಕೆ. ಆಡಿಟರ್ ಬಿಲ್ಲು ಕಾಯಲಿ.